ಸ್ಥಿತಿಕರಣಕ್ಕೆ ಒಂದು ಕೋಣೆ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಅವುಗಳಲ್ಲಿ ನಿರ್ವಿಚಿಕಿತ್ಸೆ, ಉಪಗೂಹನ, ಸ್ಥಿತಿಕರಣಗಳ ವಿವರಣೆಯನ್ನು ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ನಮ್ಮದೇ ಮನೆಯಲ್ಲಿ ಒಬ್ಬನು ಮದ್ಯಕ್ಕೆ ದಾಸನಾದಾಗ ಈ ಮೂರೂ ನಮಗೆ ನೆನಪಾಗುವುದಿಲ್ಲ.

ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗಕ್ಕೆ ಮೊದಲ ಸ್ಥಾನ. ಸಪ್ತವ್ಯಸನಗಳಲ್ಲಿ ಮದ್ಯಪಾನವೂ ಒಂದು. ಆದ್ದರಿಂದಲೇ ಶ್ರಾವಕನ ಮನೆಯಲ್ಲಿ ಕುಡಿತದ ನಾಚಿಕೆ ಇಮ್ಮಡಿಯಾಗುತ್ತದೆ. ಕುಡಿಯುವವನು ಬಸದಿಗೆ ಬರುವುದನ್ನು ಬಿಡುತ್ತಾನೆ. ಮನೆಯವರು ‘ಮೈಗೆ ಹುಷಾರಿಲ್ಲ’ ಎನ್ನುತ್ತಾ ವರ್ಷಗಳನ್ನು ಕಳೆಯುತ್ತಾರೆ. ಕೆಲವರು ಇದನ್ನೇ ಉಪಗೂಹನವೆಂದು ಭಾವಿಸುತ್ತಾರೆ. ಪರರ ದೋಷವನ್ನು ಬೀದಿಗೆ ತಾರದಿರುವುದು ಉಪಗೂಹನ ನಿಜ. ರೋಗಿಯನ್ನು ಚಿಕಿತ್ಸೆಯಿಂದಲೇ ಮರೆಮಾಡುವುದು ಉಪಗೂಹನವಲ್ಲ. ಅದು ಮನೆತನದ ಹೆಸರಿನ ಮೇಲಿನ ಮೋಹ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಈಗ ನಡುವಯಸ್ಸಿನ ಗೃಹಸ್ಥ, ಸಹಾಯಸಂಘವೊಂದರ ದೂರವಾಣಿ ಸಂಖ್ಯೆಯನ್ನು ತಿಂಗಳುಗಟ್ಟಲೆ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದನು. ‘ಅಲ್ಲಿ ನಮ್ಮವರು ಯಾರಾದರೂ ನೋಡಿಬಿಟ್ಟರೆ, ಸರ್?’ ಎಂಬುದೊಂದೇ ಅವನ ಭಯ. ‘ನೋಡುವವರೂ ಅದೇ ಕಾರಣಕ್ಕೆ ಬಂದವರಲ್ಲವೇನಪ್ಪ’ ಎಂದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಎರಡು ಬಗೆ: ಕುಡಿತದ ತೊಂದರೆಯುಳ್ಳವರಿಗೇ ಮೀಸಲಾದವು ಒಂದು, ಯಾರು ಬೇಕಾದರೂ ಕುಳಿತು ಕೇಳಬಹುದಾದ ಮುಕ್ತ ಸಭೆಗಳು ಇನ್ನೊಂದು. ಮುಕ್ತ ಸಭೆಯೊಂದಕ್ಕೆ ನಾನೂ ಅವನ ಜೊತೆಗೆ ಹೋದೆನು.

ಶಾಲೆಯ ತರಗತಿಯಂಥ ಕೋಣೆ, ಕೆಲವು ಕುರ್ಚಿಗಳು, ಚಹಾ. ಅಲ್ಲಿ ಪೂರ್ಣ ಹೆಸರನ್ನು ಯಾರೂ ಕೇಳಲಿಲ್ಲ; ಊರು, ಜಾತಿ, ಉದ್ಯೋಗಗಳನ್ನಂತೂ ಇಲ್ಲವೇ ಇಲ್ಲ. ಪ್ರವೇಶಶುಲ್ಕವಿಲ್ಲ. ಕುಡಿತವನ್ನು ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಒಬ್ಬೊಬ್ಬರಾಗಿ ತಮ್ಮ ಅನುಭವವನ್ನು ಹೇಳಿದರು. ನಡುವೆ ಬಾಯಿಹಾಕಿ ಬುದ್ಧಿ ಹೇಳಿದವರಿಲ್ಲ. ಅವರು ಏನು ಹೇಳಿದರೆಂಬುದನ್ನು ಇಲ್ಲಿ ಬರೆಯಲಾರೆ, ಆ ಮಾತು ಆ ಕೋಣೆಗೆ ಸೇರಿದ್ದು. ನನ್ನ ಶಿಷ್ಯನು ಆ ದಿನ ಮಾತನಾಡಲಿಲ್ಲ. ಮಾತನಾಡಲೇಬೇಕೆಂಬ ನಿಯಮವೂ ಅಲ್ಲಿಲ್ಲ. ಮುಂದಿನ ವಾರ ಅವನೊಬ್ಬನೇ ಹೋದನು.

ಈ ಸಂಘ 1935ರಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿತು. ಅದರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನು ಅಲ್ಲಿ ಏನು ಮಾಡಬೇಕೆಂದು ಧರ್ಮಬಂಧುಗಳೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಆ ಹೆಜ್ಜೆಗಳು ಅವರವರು ತಿಳಿದಂತೆ ದೇವರೆಂದು ಹೇಳಿ, ಅರ್ಥವನ್ನು ಅವರವರಿಗೇ ಬಿಟ್ಟಿವೆ. ನಾವೂ ನಿತ್ಯ ಅರಿಹಂತ, ಸಿದ್ಧ, ಸಾಧು, ಕೇವಲಿಪ್ರಣೀತ ಧರ್ಮಗಳಿಗೆ ಶರಣೆನ್ನುತ್ತೇವೆ. ಹಾಗೆನ್ನುವುದು ವರ ಬೇಡುವುದಕ್ಕಲ್ಲ. ನಾನೇ ಎಂಬ ಮಾನಕಷಾಯವನ್ನು ಇಳಿಸುವುದಕ್ಕೆ. ಪುರುಷಾರ್ಥವಂತೂ ಅಲ್ಲಿಯೂ ಅವನದೇ. ಅವನ ಬದಲಿಗೆ ಬೇರೆಯವರು ಕುಡಿತ ಬಿಡಲಾರರು.

‘ಇವತ್ತೊಂದು ದಿನ ಕುಡಿಯುವುದಿಲ್ಲ’ ಎಂಬ ಅವರ ಪದ್ಧತಿಯೂ ನಮಗೆ ಹೊಸದಲ್ಲ. ಭೋಗೋಪಭೋಗಗಳ ತ್ಯಾಗವನ್ನು ಹೇಳುವಾಗ ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ ಎಂದು ಆಚಾರ್ಯರು ವಿಭಾಗಿಸಿದ್ದಾರೆ. ಶ್ರಾವಕನಿಗೆ ಮದ್ಯತ್ಯಾಗ ಯಮವೇ ಆಗಬೇಕು. ಆದರೆ ಬಿದ್ದವನು ಏಳುವಾಗ ಆ ಯಮವನ್ನು ದಿನದಿನದ ನಿಯಮವಾಗಿ ಹಿಡಿದರೆ ಕೈಗೆ ಸಿಕ್ಕೀತು. ಇತರರೆದುರು ತನ್ನ ದೋಷವನ್ನು ತಾನೇ ನುಡಿಯುವುದು ಆಲೋಚನೆಗೆ ಸಮೀಪವಾದ ಅಭ್ಯಾಸ.

ಒಂದು ಎಚ್ಚರಿಕೆ ಅಗತ್ಯ. ಬಹುಕಾಲ ವಿಪರೀತ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಅಪಸ್ಮಾರ, ಬುದ್ಧಿಭ್ರಮಣೆಗಳು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ವ್ರತದ ಹೆಸರಿನಲ್ಲಿ ದೇಹವನ್ನು ಅಪಾಯಕ್ಕೊಡ್ಡುವುದು ಅಹಿಂಸೆಯಲ್ಲ. ಸಭೆ ಎಲ್ಲಿದೆಯೆಂದು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ರಲ್ಲಿಯೂ ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗದಲ್ಲಿಯೂ ವಿಚಾರಿಸಬಹುದು. ಧರ್ಮಸ್ಥಳದ ಆಶ್ರಯದಲ್ಲಿ ಮದ್ಯವರ್ಜನ ಶಿಬಿರಗಳೂ, ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳೂ ನಡೆಯುತ್ತಿವೆ. ಮನೆಯವರಿಗಾಗಿ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘವಿದೆ.

ಸ್ಥಿತಿಕರಣಕ್ಕೆ ನಮ್ಮ ಕಥೆಗಳು ವಾರಿಷೇಣ ಮುನಿಯನ್ನು ನಿದರ್ಶನವಾಗಿ ಹೇಳುತ್ತವೆ. ದೀಕ್ಷೆ ಪಡೆದು ಹನ್ನೆರಡು ವರ್ಷ ಕಳೆದರೂ ಪುಷ್ಪಡಾಲನ ಮನಸ್ಸು ಬಿಟ್ಟುಬಂದ ಮಡದಿಯನ್ನೇ ನೆನೆಯುತ್ತಿತ್ತು. ವಾರಿಷೇಣನು ಅವನನ್ನು ನಿಂದಿಸಲಿಲ್ಲ, ಸಂಘದಿಂದ ಹೊರಗೂ ಅಟ್ಟಲಿಲ್ಲ. ತಾನು ತ್ಯಜಿಸಿದ ಅರಮನೆಗೆ ಅವನನ್ನು ಕರೆದೊಯ್ದು, ತಾನು ಬಿಟ್ಟದ್ದನ್ನು ತೋರಿಸಿ ಅವನನ್ನು ವ್ರತದಲ್ಲಿ ನಿಲ್ಲಿಸಿದನು. ತಾನೂ ಬಿಟ್ಟುಬಂದವನ ಮಾತಿಗೆ ಇರುವ ಬಲವೇ ಬೇರೆ. ಈ ಸಭೆಗಳು ನಡೆಯುವುದೂ ಅದೇ ಬಲದಿಂದ.

ಬಸದಿಗಳ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಸಭಾಭವನದ ಒಂದು ಕೋಣೆಯನ್ನು ವಾರಕ್ಕೊಂದು ಸಂಜೆ ಇಂಥ ಸಂಘಕ್ಕೆ ಬಿಟ್ಟುಕೊಡಿ. ಸೂಚನಾಫಲಕದಲ್ಲಿ ಸಹಾಯವಾಣಿಯ ಸಂಖ್ಯೆಯನ್ನು ಬರೆಯಿಸಿ. ಯಾರು ಬಂದರೆಂದು ಬಾಗಿಲಲ್ಲಿ ನಿಂತು ನೋಡದಿದ್ದರೆ ಅದೇ ಉಪಗೂಹನ. ಬಂದವರು ಮರುದಿನ ಬಸದಿಯಲ್ಲಿ ಕಂಡಾಗ ಎಂದಿನಂತೆ ‘ಜೈ ಜಿನೇಂದ್ರ’ ಎಂದರೆ ಅದೇ ವಾತ್ಸಲ್ಯ.