ಬಸ್ಸು ಪುಕ್ಕಟೆ, ಕಾದಂಬರಿ ಎಲ್ಲಿ?

ಪಾಲಾರ್ ಚೆಕ್‌ಪೋಸ್ಟ್ ದಾಟಿದರೆ ತಮಿಳುನಾಡು. ಇತ್ತ ತಿರುಗಿದರೆ ಮಾದಪ್ಪನ ಬೆಟ್ಟ, ಹನೂರು, ಕೊಳ್ಳೇಗಾಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆ ಬಂದು, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಬೆಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಕೂರಬೇಕು. ಕಾಡು ಬಂತೆಂದರೆ ಮೊಬೈಲೂ ಮೂಕ. ಇಂಥ ಹೊತ್ತಿಗೆ ಹೇಳಿ ಮಾಡಿಸಿದ್ದು ಕಾದಂಬರಿ. ಅದನ್ನು ಕೊಡುವವರು ಯಾರು?

‘ಅಯ್ಯೋ, ಹೆಂಗಸರ ಪ್ರೇಮಕಥೆ ತಾನೇ!’ ಅಂತ ಮೂಗು ಮುರಿಯುವವರಿದ್ದಾರೆ. ‘ಅಡುಗೆಮನೆ ಸಾಹಿತ್ಯ’ ಅಂತ ಹಿಂದೆ ಪಂಡಿತರೇ ಹಂಗಿಸಿದ್ದುಂಟು. ಆ ಅಡುಗೆಮನೆಯಲ್ಲಿ ಬೆಂದದ್ದೇನು, ಸ್ವಲ್ಪ ನೋಡೋಣ.

ತ್ರಿವೇಣಿ 1963ರಲ್ಲಿ ತೀರಿಕೊಂಡಾಗ ಅವರಿಗೆ 35 ತುಂಬಿರಲಿಲ್ಲ. ಮನೋರೋಗ ವಾಸಿಯಾಗಿ ಬಂದ ಹೆಂಗಸನ್ನು ಮನೆಯವರೇ ಹುಚ್ಚಿಯಂತೆ ನೋಡುವ ಸಂಕಟವನ್ನು ‘ಶರಪಂಜರ’ದಲ್ಲಿ ಬರೆದಿಟ್ಟು ಹೋದರು. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು. ನಲವತ್ತು ದಾಟಿದ ಮೇಲೆ ಬರವಣಿಗೆಗೆ ಕೂತ ಎಂ.ಕೆ. ಇಂದಿರಾ ಬಾಲವಿಧವೆಯ ಬದುಕನ್ನು ‘ಫಣಿಯಮ್ಮ’ದಲ್ಲಿ ತೋರಿಸಿದರು. ವಾಣಿ, ಉಷಾ ನವರತ್ನರಾಂ, ಸಾಯಿಸುತೆ ಇವರ ಕಾದಂಬರಿಗಳನ್ನು ಬಾಡಿಗೆ ಲೈಬ್ರರಿಗಳಲ್ಲಿ ಸರದಿ ಕಾದು ಓದುತ್ತಿದ್ದರು. ಉಷಾ ಅವರ ‘ಬಂಧನ’ 1984ರಲ್ಲಿ ತೆರೆಗೆ ಬಂತು. ಮೊನ್ನೆ, 2025ರ ಮೇ ತಿಂಗಳಲ್ಲಿ, ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಸಿಕ್ಕಿತು. ಅವೂ ಮನೆಯೊಳಗಿನ ಹೆಣ್ಣಿನ ಕಥೆಗಳೇ ಅಲ್ಲವೇ?

ಹಾಗಂತ ಬಂದದ್ದೆಲ್ಲ ಬಂಗಾರವಲ್ಲ. ಸಿರಿವಂತ ನಾಯಕ, ಕಣ್ಣೀರಿಡುವ ನಾಯಕಿ, ಕೊನೆಗೊಂದು ತಾಳಿ. ಒಂದೇ ಅಚ್ಚಿನ ಪುಸ್ತಕಗಳು ಬೇಕಾದಷ್ಟಿವೆ. ಕಾಳು ಯಾವುದು, ಜೊಳ್ಳು ಯಾವುದು ಅಂತ ಕೇರಿ ಹೇಳುವುದೇ ವಿಮರ್ಶೆಯ ಕೆಲಸ. ಆ ಮೊರ ಹಿಡಿಯುವವರೇ ಕಡಿಮೆ. ದೊಡ್ಡವರ ಪುಸ್ತಕಕ್ಕೆ ಅರ್ಧ ಪುಟ, ಪ್ರೇಮ ಕಾದಂಬರಿಗೆ ‘ಸಾದರ ಸ್ವೀಕಾರ’ದಲ್ಲಿ ಒಂದು ಸಾಲು. ಅದೂ ಸಿಕ್ಕರೆ ಪುಣ್ಯ! ಚೆನ್ನಾಗಿ ಬರೆಯುವ ಇಂದಿನ ಲೇಖಕಿಯ ಹೆಸರು ಓದುಗಳಿಗೆ ತಿಳಿಯುವುದಾದರೂ ಹೇಗೆ?

1956ರ ತನಕ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಡಿಯಲ್ಲಿ ಕನ್ನಡ ಉಳಿಯಬೇಕು ಅಂತ ನವೆಂಬರ್ ಬಂದರೆ ಭಾಷಣ. ಭಾಷಣದಿಂದ ಭಾಷೆ ಉಳಿಯದು ಸ್ವಾಮಿ, ಮುಂದೇನಾಯ್ತು ಅಂತ ಪುಟ ತಿರುಗಿಸುವ ಆಸೆಯಿಂದ ಉಳಿಯುತ್ತದೆ. ಶಾಲೆ ಬಿಟ್ಟ ಹುಡುಗಿಗೆ ಓದು ಮರೆಯದಂತೆ ನೋಡಿಕೊಳ್ಳುವುದೂ ಅದೇ ಆಸೆ.

ದುಡ್ಡಿಲ್ಲ ಅನ್ನುವಂತಿಲ್ಲ. ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಅಂಗಡಿ ಮಾಲೀಕರು ತಮ್ಮ ಕಂದಾಯದ ರಸೀದಿ ತೆಗೆದು ನೋಡಲಿ, ಗ್ರಂಥಾಲಯ ಕರ ಅಂತ ಒಂದು ಬಾಬ್ತು ಇರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ ‘ಅರಿವು ಕೇಂದ್ರ’ಗಳಾದವು. ಅಲ್ಲಿನ ಕಪಾಟಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಇರಲಿ, ಬೇಡ ಅನ್ನುವವರಿಲ್ಲ. ಪಕ್ಕದಲ್ಲಿ ತ್ರಿವೇಣಿಯೂ ಇರಲಿ, ಈ ವರ್ಷ ಬರೆದವಳೂ ಇರಲಿ. ಇಲ್ಲದಿದ್ದರೆ ಹೆಸರು ಹೇಳಿ ಕೇಳಬೇಕು, ತರಿಸುವ ತನಕ ಕೇಳಬೇಕು.

ಇನ್ನು ವರ್ತಕರಿಗೊಂದು ಮಾತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಚಿಪ್ಸ್ ಪೊಟ್ಟಣದ ಸಾಲಿನ ಕೆಳಗೆ ನಾಲ್ಕು ಕಾದಂಬರಿ ತೂಗುಹಾಕಿ ನೋಡಿ. ಟಿಕೆಟ್ ದುಡ್ಡು ಉಳಿಸಿದ ಕೈ ಅತ್ತ ಚಾಚಿದರೂ ಚಾಚೀತು!