ಸ್ವಂತ ದನಿ ಹುಡುಕುವವರು ಒಮ್ಮೆ ದೇವಾಸಿನ ಕಡೆ ನೋಡಲಿ

ಹೊಸದಾಗಿ ಹಾಡಲು ಹೊರಟವರಿಗೆ ಪುಕ್ಕಟೆಯಾಗಿ ಸಿಗುವ ಉಪದೇಶ ಒಂದಿದೆ: 'ನಿನ್ನ ಸ್ವಂತ ದನಿ ಹುಡುಕಿಕೋ.' ಹೇಳುವವರಿಗೆ ಇದು ಸುಲಭ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆ ಕೋಣೆ ಹಿಡಿದು, ಹಗಲು ಕಂಪನಿ ಕೆಲಸ ಮಾಡಿ, ರಾತ್ರಿ ಮೊಬೈಲಿನಲ್ಲಿ ತಂಬೂರಿ ಶ್ರುತಿ ಹಚ್ಚಿಕೊಂಡು ಕೂರುವ ಹುಡುಗಿಗೆ ಅಷ್ಟು ಸುಲಭವಲ್ಲ. ಅವಳು ಬೇರೆಯವರ ಹಾಡನ್ನು ಹಾಡಿ ಯೂಟ್ಯೂಬಿಗೆ ಹಾಕಿದರೆ ಮೆಚ್ಚುಗೆ ಬರುತ್ತದೆ. ತಾನೇ ಕಟ್ಟಿದ ಹಾಡು ಹಾಕಿದ ದಿನ ಯಾರೂ ಮಾತಾಡುವುದಿಲ್ಲ. ಅನುಮಾನ ಅಲ್ಲಿಂದ ಶುರುವಾಗುತ್ತದೆ. ತನ್ನದು ಅಂತ ಏನಾದರೂ ಇದೆಯೋ, ಅಥವಾ ತಾನು ಬರೀ ಒಳ್ಳೆಯ ನಕಲುಗಾರ್ತಿಯೋ?

ಈ ಅನುಮಾನಕ್ಕೆ ಇಂದಿನ ಸಿದ್ಧ ಉತ್ತರವೆಂದರೆ ಕಣ್ಣುಮುಚ್ಚಿ ನಿನ್ನೊಳಗೆ ನೋಡು ಎನ್ನುವುದು. ಆ ಉತ್ತರ ಪೂರ್ತಿ ಸರಿಯಲ್ಲ ಎನ್ನುವುದಕ್ಕೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬವರ ಬದುಕು ಸಾಕ್ಷಿ. ಜಗತ್ತು ಅವರನ್ನು ಕುಮಾರ ಗಂಧರ್ವ ಎಂದು ಬಲ್ಲದು.

ಆ ಹೆಸರು ಬಂದದ್ದೇ ನಕಲಿನಿಂದ. ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರನ್ನೋ ಫೈಯಾಜ್ ಖಾನರನ್ನೋ ಕೇಳಿ ಹಾಗೆ ಹಾಗೇ ಒಪ್ಪಿಸುತ್ತಿದ್ದ ಪುಟ್ಟ ಹುಡುಗನನ್ನು ಕಂಡು ಬೆರಗಾದ ಸ್ವಾಮಿಗಳೊಬ್ಬರು ಕೊಟ್ಟ ಬಿರುದು ಅದು. ಹತ್ತು ತುಂಬುವ ಹೊತ್ತಿಗೆ ಹುಡುಗ ಊರೂರು ಸುತ್ತಿ ಕಛೇರಿ ಮಾಡುತ್ತಿದ್ದ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕವರ್ ಹಾಡುಗಳಿಂದ ದೇಶವೇ ತಿರುಗಿ ನೋಡುವಂತೆ ಮಾಡಿದ್ದ. ಅವನು ಅಲ್ಲಿಗೇ ನಿಂತಿದ್ದರೆ ದೊಡ್ಡವನಾದ ಮೇಲೆ ಯಾರೂ ನೆನಪಿಡುತ್ತಿರಲಿಲ್ಲ. ಬಾಲಪ್ರತಿಭೆಗಳ ಪಾಡು ಸಾಮಾನ್ಯವಾಗಿ ಅದೇ: ಮಗು ಹಾಡಿದರೆ ಅಚ್ಚರಿ, ಅದೇ ಹಾಡನ್ನು ಇಪ್ಪತ್ತೈದರ ಗಂಡಸು ಹಾಡಿದರೆ ಅನುಕರಣೆ.

ಹುಡುಗನನ್ನು ಮುಂಬೈಯಲ್ಲಿ ಬಿ. ಆರ್. ದೇವಧರರ ಸಂಗೀತ ಶಾಲೆಗೆ ಸೇರಿಸಿದ್ದು 1930ರ ದಶಕದ ನಡುವೆ. ದೇವಧರರು ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರಾದರೂ ಒಂದೇ ಘರಾನೆಯ ಗೋಡೆಯೊಳಗೆ ಕೂತವರಲ್ಲ. ಅವರ ಶಾಲೆಗೆ ಎಲ್ಲ ಘರಾನೆಗಳ ಗಾಯಕರೂ ಬಂದು ಹೋಗುತ್ತಿದ್ದರು. ಹುಡುಗ ಅಂಜನಿಬಾಯಿ ಮಾಲ್ಪೇಕರರಿಂದಲೂ ಪಾಠ ಹೇಳಿಸಿಕೊಂಡ. ಒಪ್ಪಿಸುವುದು ಬಲ್ಲ ಹುಡುಗನಿಗೆ ಅಲ್ಲಿ ಸಿಕ್ಕಿದ್ದು ಇನ್ನಷ್ಟು ಹಾಡುಗಳಲ್ಲ, ಪ್ರಶ್ನೆಗಳು. ಈ ಸ್ವರ ಇಲ್ಲೇ ಯಾಕೆ ನಿಲ್ಲಬೇಕು? ಒಂದೇ ರಾಗವನ್ನು ಇಬ್ಬರು ಉಸ್ತಾದರು ಎರಡು ರೀತಿ ಹಾಡಿದರೆ ರಾಗ ಎಂಬುದು ಎಲ್ಲಿದೆ?

ಮಕ್ಕಳು ಮಾತು ಕಲಿಯುವಾಗಲೂ ಇಂಥದ್ದೇ ಒಂದು ಘಟ್ಟ ಬರುತ್ತದೆ. ಮೊದಮೊದಲು ಮಗು ಕೇಳಿದ್ದನ್ನು ಹಾಗೇ ಹೇಳುತ್ತದೆ: 'ಕೊಟ್ಟೆ', 'ನೋಡಿದೆ'. ಆಮೇಲೆ ಒಂದು ದಿನ 'ಕೊಡಿದೆ' ಎನ್ನುತ್ತದೆ. ಮನೆಯವರು ನಗುತ್ತಾರೆ, ತಪ್ಪು ತಿದ್ದುತ್ತಾರೆ. ಆದರೆ ಆ ಮಾತನ್ನು ಮಗುವಿನ ಮುಂದೆ ಯಾರೂ ಆಡಿರಲಿಲ್ಲ. ಅಂದರೆ ಮಗು ಈಗ ನಕಲು ಮಾಡುತ್ತಿಲ್ಲ, ಮಾತಿನ ಒಳಗಿನ ನಿಯಮವನ್ನು ಹಿಡಿದುಕೊಂಡಿದೆ. ಭಾಷೆ ಅದರದ್ದಾಗಿದ್ದು ಆ ತಪ್ಪಿನಲ್ಲಿ. ಹಾಡುವವರಿಗೂ ಇದು ಸಲ್ಲುತ್ತದೆ. ನಕಲು ಅವಮಾನದ ಸಂಗತಿಯಲ್ಲ. ಎಲ್ಲರೂ ಅಲ್ಲಿಂದಲೇ ಹೊರಡಬೇಕು. ನಾಚಿಕೆಪಡಬೇಕಾದದ್ದು, ನಕಲು ಮಾಡಿದ್ದನ್ನು ಒಮ್ಮೆಯೂ ಬಿಚ್ಚಿ ನೋಡದಿದ್ದರೆ.

ಇಪ್ಪತ್ತರ ಆಸುಪಾಸಿನಲ್ಲೇ ಕುಮಾರ ಗಂಧರ್ವರು ಅದೇ ಶಾಲೆಯಲ್ಲಿ ಪಾಠ ಹೇಳುವಷ್ಟು ಬೆಳೆದರು. 1947ರಲ್ಲಿ ಗಾಯಕಿ ಭಾನುಮತಿಯವರನ್ನು ಮದುವೆಯಾದರು. ಅದೇ ಹೊತ್ತಿಗೆ ಕ್ಷಯ ಹಿಡಿಯಿತು. ಒಣ ಹವೆ ಬೇಕೆಂದು ದಂಪತಿ ಮಾಳವದ ದೇವಾಸಿಗೆ ಹೋದರು. ಹಾಡಕೂಡದು ಎಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಸುಮಾರು ಐದಾರು ವರ್ಷ, ಒಬ್ಬ ಗಾಯಕ ಇಪ್ಪತ್ತಮೂರರಿಂದ ಮೂವತ್ತರ ಹತ್ತಿರಕ್ಕೆ ಬೆಳೆಯುವ ವರ್ಷಗಳು, ಹಾಸಿಗೆಯಲ್ಲಿ ಮೌನವಾಗಿ ಕಳೆದವು.

ಆಗ ಅವರು ಮಾಡಬಹುದಾಗಿದ್ದ ಕೆಲಸ ಒಂದೇ, ಕೇಳುವುದು. ಮಾಳವದ ಹೆಂಗಸರು ಮದುವೆಗೆ, ಹಬ್ಬಕ್ಕೆ, ಮಳೆಗೆ ಹಾಡುತ್ತಿದ್ದ ಹಾಡುಗಳು ಕಿವಿಗೆ ಬಿದ್ದವು. ನಾಥಪಂಥದ ಜೋಗಿಗಳ ನಿರ್ಗುಣ ಭಜನೆ ಬಿತ್ತು. ದೇವಾಸಿನಲ್ಲೇ ಶೀಲನಾಥ ಮಹಾರಾಜರ ಧುನಿಯಿದ್ದು, ಕಬೀರ ಮತ್ತು ಗೋರಖರ ಪದಗಳ ಪರಂಪರೆ ಅಲ್ಲಿ ಜೀವಂತವಾಗಿತ್ತು. ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುವ ಜನಪದ ಧಾಟಿಯೊಳಗೆ ರಾಗದ ಬೀಜ ಇರುವುದನ್ನು ಅವರು ಗುರುತಿಸಿದರು. ಮಾಳವಿ ಹಾಡುಗಳನ್ನು ಕೂಡಿಹಾಕಿ ಸ್ವರ ಹಾಕಿದರು. ಮುಂದೆ ಆ ಧಾಟಿಗಳಿಂದ ಹೊಸ ರಾಗಗಳನ್ನು ಎತ್ತಿ ಅವಕ್ಕೆ 'ಧುನ್ ಉಗಮ ರಾಗ' ಎಂದು ಕರೆದರು. ಮಾಲವತಿ, ಸಂಜಾರಿ, ಲಗನ ಗಾಂಧಾರ ಇವೆಲ್ಲ ಹಾಗೆ ಬಂದವು. ಅವರ ಬಂದಿಶ್‌ಗಳ 'ಅನೂಪರಾಗವಿಲಾಸ' 1965ರಲ್ಲಿ ಪುಸ್ತಕವಾಗಿ ಬಂತು.

ಈ ಕಥೆಯನ್ನು ಹೇಳುವವರು ಇಲ್ಲೊಂದು ತಪ್ಪು ಮಾಡುತ್ತಾರೆ. ಕಾಯಿಲೆ ಬಂದದ್ದೇ ಒಳ್ಳೆಯದಾಯಿತು, ಸಂಕಟವೇ ಕಲಾವಿದನನ್ನು ಮಾಡಿತು ಎಂಬ ಧಾಟಿಗೆ ಎಳೆಯುತ್ತಾರೆ. ಒಂದು ಶ್ವಾಸಕೋಶ ಬಹುಮಟ್ಟಿಗೆ ಕೆಲಸಕ್ಕೆ ಬಾರದಾದ್ದರಿಂದ ಅವರ ಗಾಯನದಲ್ಲಿ ಆ ತುಂಡು ತುಂಡು ಸ್ವರಪುಂಜಗಳು, ಇದ್ದಕ್ಕಿದ್ದಂತೆ ಏರುವ ದನಿ ಬಂದವು ಎನ್ನುತ್ತಾರೆ. ಉಸಿರು ಚಿಕ್ಕದಾದರೆ ಹಾಡಿನ ಸಾಲು ಚಿಕ್ಕದಾಗುತ್ತದೆ, ನಿಜ. ಆದರೆ ಆ ಸಾಲು ಎಲ್ಲಿ ಮುರಿಯಬೇಕು, ಮುರಿದ ಜಾಗದ ಮೌನ ಎಷ್ಟು ಹೊತ್ತು ಇರಬೇಕು ಎಂಬುದನ್ನು ಶ್ವಾಸಕೋಶ ತೀರ್ಮಾನಿಸುವುದಿಲ್ಲ. ಕ್ಷಯದಿಂದ ದನಿ ಕಳೆದುಕೊಂಡವರು ಆ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಜನ. ಅವರೆಲ್ಲ ಕುಮಾರ ಗಂಧರ್ವರಾಗಲಿಲ್ಲ, ಹೆಚ್ಚಿನವರು ಸತ್ತರು. ಇವರನ್ನು ಉಳಿಸಿದ್ದು 1943ರಲ್ಲಿ ಅಮೆರಿಕದ ಒಂದು ಪ್ರಯೋಗಾಲಯದಲ್ಲಿ ಪತ್ತೆಯಾಗಿ, ಕೆಲವೇ ವರ್ಷಗಳಲ್ಲಿ ಭಾರತಕ್ಕೂ ಬಂದ ಸ್ಟ್ರೆಪ್ಟೊಮೈಸಿನ್. ಔಷಧ ಸಲ್ಲಬೇಕಾದ ಕೃತಜ್ಞತೆಯನ್ನು ಕಾಯಿಲೆಗೆ ಸಲ್ಲಿಸುವುದು ಅನ್ಯಾಯ.

ಇನ್ನೊಬ್ಬರಿಗೂ ಆ ಕೃತಜ್ಞತೆ ಸಲ್ಲಬೇಕು. ಗಂಡ ಮಲಗಿದ್ದ ವರ್ಷಗಳಲ್ಲಿ ದೇವಾಸಿನ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಮನೆ ನಡೆಸಿದವರು ಭಾನುಮತಿ. ಅವರೂ ಹಾಡುವವರೇ. ಅನುಮಾನವನ್ನು ಗೆದ್ದು ದನಿ ಕಂಡುಕೊಂಡ ಕಲಾವಿದರ ಕಥೆಗಳು ಲೋಕದಲ್ಲಿ ಬಹಳ ಇವೆ. ಆ ನಡುವಿನ ವರ್ಷಗಳಲ್ಲಿ ಬಾಡಿಗೆ ಕಟ್ಟಿದವರು ಯಾರು, ಔಷಧಿ ತಂದವರು ಯಾರು ಎಂಬುದು ಆ ಕಥೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಭಾನುಮತಿ 1961ರಲ್ಲಿ ತೀರಿಕೊಂಡರು. ಅವರೊಳಗೆ ಯಾವ ದನಿ ಇತ್ತು ಎಂದು ಕೇಳಿಸಿಕೊಳ್ಳುವ ಅವಕಾಶ ನಮಗೆ ಅಷ್ಟಾಗಿ ಸಿಗಲಿಲ್ಲ. 'ದನಿ ಹುಡುಕಿಕೋ' ಎನ್ನುವವರು ಮೊದಲು ಕೇಳಬೇಕಾದ ಪ್ರಶ್ನೆ, ಹುಡುಕಲು ಇವರಿಗೆ ಹೊತ್ತು ಇದೆಯೇ, ಆ ಹೊತ್ತನ್ನು ಯಾರು ಕೊಡುತ್ತಿದ್ದಾರೆ ಎಂಬುದು. ಯಾರದೋ ಸಂಬಳ, ಯಾರದೋ ಅಡುಗೆಮನೆ ಇಲ್ಲದೆ ಸ್ವತಂತ್ರ ಸಂಗೀತಗಾರ ಎಂಬ ಪ್ರಾಣಿ ಬದುಕುವುದಿಲ್ಲ.

1953ರ ಹೊತ್ತಿಗೆ ಕುಮಾರ ಗಂಧರ್ವರು ಮತ್ತೆ ವೇದಿಕೆ ಹತ್ತಿದರು. ಹಾಡಿದ್ದನ್ನು ಎಲ್ಲರೂ ಒಪ್ಪಲಿಲ್ಲ. ವಿಲಂಬಿತದ ಕ್ರಮಬದ್ಧ ಬೆಳವಣಿಗೆ ಇಲ್ಲ, ಘರಾನೆಯ ಶಿಸ್ತಿಲ್ಲ ಎಂಬ ತಕರಾರು ಕೊನೆಯವರೆಗೂ ಇತ್ತು. ಆ ತಕರಾರಿನಲ್ಲಿ ಹುರುಳಿಲ್ಲದೆ ಇಲ್ಲ. ಮಲ್ಲಿಕಾರ್ಜುನ ಮನ್ಸೂರರ ಗಾಯನದಲ್ಲಿ ಸಿಗುವ ಬಿಚ್ಚಿಕೊಳ್ಳುವ ಬಗೆ ಇಲ್ಲಿ ಸಿಗುವುದಿಲ್ಲ. ಆದರೆ ಸ್ವಂತ ದನಿ ಎಂದರೆ ಎಲ್ಲವೂ ಇರುವ ದನಿ ಅಲ್ಲವಲ್ಲ. ಏನನ್ನು ಬಿಡಬೇಕೆಂದು ಗೊತ್ತಾದ ಮೇಲೆಯೇ ಅದು ಸ್ವಂತದ್ದಾಗುವುದು. ಬಿಟ್ಟದ್ದಕ್ಕೆ ಬೈಗುಳ ಬಂದರೆ ತಡೆದುಕೊಳ್ಳುವುದೂ ಅದರ ಭಾಗ.

ಗದಗದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರೂ ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿಯೇ ಹುಚ್ಚರಾದವರು. ಅವರು ಮನೆಬಿಟ್ಟು ಓಡಿ, ಅಲೆದು, ಕೊನೆಗೆ ಸವಾಯಿ ಗಂಧರ್ವರ ಕಾಲಬಳಿ ಕೂತು ಕಿರಾನಾ ಘರಾನೆಯೊಳಗೇ ತಮ್ಮ ಗರ್ಜನೆ ಕಂಡುಕೊಂಡರು. ಒಂದೇ ಸೀಮೆಯ ಇಬ್ಬರು ಹುಡುಗರನ್ನು ಒಂದೇ ದನಿ ಎಳೆದುಕೊಂಡರೂ ಅವರ ದಾರಿಗಳು ಬೇರೆಯಾದವು. ಪರಂಪರೆಯನ್ನು ಬಿಟ್ಟರೇ ದನಿ ಸಿಗುತ್ತದೆ ಎಂಬುದಾಗಲಿ, ಹಿಡಿದರೇ ಸಿಗುತ್ತದೆ ಎಂಬುದಾಗಲಿ ಸೂತ್ರವಲ್ಲ.

ಊರು ಬಿಟ್ಟು ಬಂದ ಕನ್ನಡಿಗರು ಈ ಬದುಕಿನಲ್ಲಿ ಇನ್ನೊಂದನ್ನು ಗಮನಿಸಬೇಕು. 'ಬೇರಿಗೆ ಹಿಂತಿರುಗು' ಎಂಬುದೂ ಇಂದು ಕಲಾವಿದರಿಗೆ ಸಿಗುವ ಪುಕ್ಕಟೆ ಉಪದೇಶವೇ. ದಿಲ್ಲಿಯಲ್ಲೋ ಚೆನ್ನೈಯಲ್ಲೋ ಬೆಳೆದ ಮಕ್ಕಳಿಗೆ ಅದು ಕೇಳಿದಾಗಲೆಲ್ಲ ಅಳುಕು: ತಮಗೆ ಬೇರೇ ಇಲ್ಲವಲ್ಲ, ಇನ್ನು ದನಿ ಎಲ್ಲಿಂದ? ಸುಳೇಭಾವಿಯ ಹುಡುಗ ಕಲಿತದ್ದು ಮುಂಬೈಯಲ್ಲಿ, ಅವರನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದು ಬಹುಮಟ್ಟಿಗೆ ಮರಾಠಿ ಕೇಳುಗರು, ದನಿ ಒದಗಿದ್ದು ಮಾಳವಿ ಹಾಡುಗಳಲ್ಲಿ. ಹುಟ್ಟಿದ ಊರಿನದಲ್ಲದ ಮಾತನ್ನು ಅವರು ಪರಕೀಯರಂತೆ, ಅಂದರೆ ಹೆಚ್ಚು ಗಮನ ಕೊಟ್ಟು ಕೇಳಿದರು. ಸ್ಥಳೀಯರಿಗೆ ದಿನನಿತ್ಯದ ಗುನುಗಾಗಿದ್ದುದು ಅವರಿಗೆ ರಾಗವಾಗಿ ಕೇಳಿಸಿತು. ಹೊರಗಿನವರಾಗಿರುವುದು ಕೊರತೆಯೇ ಆಗಬೇಕಿಲ್ಲ. ನೆರೆಮನೆಯ ಅಜ್ಜಿ ಏನು ಹಾಡುತ್ತಾಳೆ ಎಂದು ಕಿವಿಗೊಡುವ ವ್ಯವಧಾನ ಇದ್ದರೆ ಅದೇ ಬಂಡವಾಳ.

ಹಾಗಾದರೆ ರಾತ್ರಿ ಕೋಣೆಯಲ್ಲಿ ಕೂತ ಆ ಹುಡುಗಿ ಏನು ಮಾಡಬೇಕು? ಹಳೆಯ ಕವರ್ ಹಾಡುಗಳನ್ನೆಲ್ಲ ಅಳಿಸಿಹಾಕಬೇಕಿಲ್ಲ. ಅವುಗಳಲ್ಲಿ ಒಂದನ್ನು ತೆಗೆದುಕೊಂಡು, ಅದು ತನ್ನನ್ನು ಯಾಕೆ ಹಿಡಿಯಿತು ಎಂದು ಸ್ವರ ಸ್ವರ ಬಿಚ್ಚಿ ನೋಡಬಹುದು. ಪ್ರತಿ ವಾರ ಏನಾದರೂ ಹಾಕಲೇಬೇಕೆಂಬ ಒತ್ತಡದಿಂದ ಕೆಲವು ತಿಂಗಳಾದರೂ ತಪ್ಪಿಸಿಕೊಂಡು ಬರೀ ಕೇಳಬಹುದು. ಅದಕ್ಕೆ ಕಾಯಿಲೆ ಬರುವವರೆಗೂ ಕಾಯಬೇಕಿಲ್ಲ. 'ನನ್ನಲ್ಲಿ ಏನಿದೆ' ಎಂಬ ಅನುಮಾನವನ್ನು 'ಈ ಹಾಡಿನಲ್ಲಿ ಏನಿದೆ' ಎಂಬ ಪ್ರಶ್ನೆಯತ್ತ ತಿರುಗಿಸಿದರೆ, ಅದು ಕೊರೆಯುವುದನ್ನು ಬಿಟ್ಟು ಕೆಲಸ ಮಾಡತೊಡಗುತ್ತದೆ.

ನಕಲಿನಿಂದ ಹೆಸರು ಪಡೆದ ಕುಮಾರ ಗಂಧರ್ವರು ತಮ್ಮ ದನಿ ಗಟ್ಟಿಯಾದ ಮೇಲೆ ಮತ್ತೊಬ್ಬರ ಹಾಡುಗಳನ್ನು ಹಾಡಲು ಹಿಂಜರಿಯಲಿಲ್ಲ. ಮರಾಠಿ ರಂಗಭೂಮಿಯ ದಂತಕಥೆ ಬಾಲಗಂಧರ್ವರ ಪದಗಳನ್ನಿಟ್ಟುಕೊಂಡು ಒಂದು ಇಡೀ ಕಾರ್ಯಕ್ರಮವನ್ನೇ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು 'ಮಲಾ ಉಮಜಲೇಲೇ ಬಾಲಗಂಧರ್ವ', ಅಂದರೆ ನನಗೆ ತಿಳಿದಂತೆ ಬಾಲಗಂಧರ್ವ. ಆರೇಳು ವರ್ಷದ ಹುಡುಗನಿಗೆ ಒಪ್ಪಿಸಲು ಬರುತ್ತಿತ್ತು. 'ನನಗೆ ತಿಳಿದಂತೆ' ಎಂದು ಹೇಳುವಷ್ಟಾಗಲು ಅವನಿಗೆ ಅಷ್ಟು ವರ್ಷ ಬೇಕಾಯಿತು.