ಟೇಲರ್ ಮಂಜಿಲ್‌ಗೆ ಟಿಕೆಟ್ ಇಡಲಿ, ಕಥೆ ಪೂರ್ತಿ ಹೇಳಲಿ

"ನಿಮ್ಮ ಕಡೆ ನೋಡೋಕೆ ಏನಿದೆ?" ಅಂತ ಹಾಸ್ಟೆಲ್‌ನಲ್ಲಿ ಯಾರಾದರೂ ಕೇಳಿದರೆ ಯಾದಗಿರಿ ಜಿಲ್ಲೆಯ ನಾವು ಬಿಸಿಲಿನ ಜೋಕ್ ಹೇಳಿ ಮಾತು ಮುಗಿಸ್ತೀವಿ. ಹಂಪಿ, ಬಾದಾಮಿಗೆ ಬಸ್ ತುಂಬಿ ಹೋಗುವ ಜನ ನಮ್ಮ ಜಿಲ್ಲೆಯನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿರ್ತಾರೆ. ಆದರೆ ಸುರಪುರದ ಗುಡ್ಡದ ಮೇಲೆ ಒಬ್ಬ ಸೆಲೆಬ್ರಿಟಿಯ ಮನೆ ಇದೆ. ಹೆಸರು ಟೇಲರ್ ಮಂಜಿಲ್.

ಫಿಲಿಪ್ ಮೆಡೋಸ್ ಟೇಲರ್ 15ನೇ ವಯಸ್ಸಿಗೆ, ಅಂದರೆ ನಮಗಿಂತ ಚಿಕ್ಕವನಿದ್ದಾಗ, ಕೆಲಸಕ್ಕೆಂದು ಮುಂಬೈಗೆ ಬಂದವನು. ಆಮೇಲೆ ಹೈದರಾಬಾದ್ ನಿಜಾಮರ ಸೇವೆಗೆ ಸೇರಿದ. 1839ರಲ್ಲಿ ಬಂದ ಅವನ 'ಕನ್‌ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಇಂಗ್ಲೆಂಡಿನಲ್ಲಿ ಭರ್ಜರಿ ಹಿಟ್. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಸುತ್ತಲಿನ ಬೃಹತ್ ಶಿಲಾಯುಗದ ಸಮಾಧಿಗಳ ಬಗ್ಗೆ ಬರೆದ. ಎಂಜಿನಿಯರಿಂಗ್ ಡಿಗ್ರಿ ಇಲ್ಲದೆಯೇ ಕೆರೆ, ರಸ್ತೆ ಮಾಡಿಸಿದ (ನಮ್ಮ ಸಿವಿಲ್‌ನವರು ಬೇಜಾರಾಗಬಾರದು).

ಅಂಥವನ ಮನೆ ಸರ್ಕಾರಿ ಅತಿಥಿಗೃಹವಾಗಿ ಬಳಕೆಯಾಗಿದೆ. ಅಲ್ಲಿ ಟಿಕೆಟ್ ಇಟ್ಟು ದುಡ್ಡು ಮಾಡಬೇಕು ಅನ್ನೋದು ನಮ್ಮ ವಾದ. ದುಡ್ಡು ಅಂದ ತಕ್ಷಣ ಮುಖ ಸಿಂಡರಿಸಬೇಕಿಲ್ಲ. ಅಮೆರಿಕದಲ್ಲಿ ಎಲ್ವಿಸ್ ಪ್ರೀಸ್ಲಿಯ ಮನೆ ಗ್ರೇಸ್‌ಲ್ಯಾಂಡ್‌ನ ಖರ್ಚು ತಡೆಯಲಾಗದೆ 1982ರಲ್ಲಿ ಅದನ್ನು ಜನರಿಗೆ ತೆರೆದರು. ಈಗ ವರ್ಷಕ್ಕೆ 5 ಲಕ್ಷಕ್ಕೂ ಹೆಚ್ಚು ಜನ ಹೋಗ್ತಾರೆ. ಅಷ್ಟು ದೂರ ಯಾಕೆ, ಮೈಸೂರಿನ ಯಾದವಗಿರಿಯಲ್ಲಿ ಕೆಡವಲು ಹೊರಟಿದ್ದ ಆರ್.ಕೆ. ನಾರಾಯಣ್ ಮನೆ 2016ರಲ್ಲಿ ಮ್ಯೂಸಿಯಂ ಆಯ್ತು.

ಆದರೆ ನಾರಾಯಣ್ ಮನೆಗೆ ಇಲ್ಲದ ತೊಡಕು ಇಲ್ಲಿದೆ. "ಬ್ರಿಟಿಷರವನ ಮನೆಗೆ ಯಾಕ್ರೀ ಅಷ್ಟು ಮರ್ಯಾದೆ?" ಅಂತ ಊರಲ್ಲೇ ಕೇಳ್ತಾರೆ. ಪ್ರಶ್ನೆ ಸರಿಯಾಗೇ ಇದೆ. ಟೇಲರ್ ಬಂದಾಗ ರಾಜಾ ವೆಂಕಟಪ್ಪ ನಾಯಕ ಸಣ್ಣ ಹುಡುಗ. ಟೇಲರನನ್ನು 'ಅಪ್ಪ' ಅಂತ ಕರೆಯುತ್ತಿದ್ದ. ಅದೇ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ, ಸೋತ, ಸೆರೆಯಾದ. ಸೆರೆವಾಸಕ್ಕೆ ಒಯ್ಯುವಾಗ ದಾರಿಯಲ್ಲಿ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಅಂತ ಟೇಲರ್ ಬರೆದಿದ್ದಾನೆ. ಸುರಪುರದಲ್ಲಿ ಎಲ್ಲರೂ ಅದನ್ನು ನಂಬುವುದಿಲ್ಲ. ಹುಡುಗನ ತಾಯಿ ರಾಣಿ ಈಶ್ವರಮ್ಮನ ಬಗ್ಗೆಯಂತೂ ಟೇಲರನ ಆತ್ಮಕಥೆಯಲ್ಲಿ ಒಳ್ಳೆಯ ಮಾತು ಸಿಗೋದೇ ಕಷ್ಟ. ಅವಳ ಕಡೆಯ ಕಥೆ ಯಾರು ಹೇಳಬೇಕು?

ಈ ಜಗಳವೇ ಆ ಮನೆಯ ಬಂಡವಾಳ. ಹಳೇ ಕುರ್ಚಿ, ಗುಡ್ಡದ ವ್ಯೂ, ಸೆಲ್ಫಿ ಪಾಯಿಂಟ್ ಇಟ್ಟರೆ ಜನ ಹತ್ತು ನಿಮಿಷದಲ್ಲಿ ಹೊರಡ್ತಾರೆ. ಒಂದು ಕೋಣೆಯಲ್ಲಿ ಟೇಲರ್ ಬರೆದದ್ದು, ಪಕ್ಕದ ಕೋಣೆಯಲ್ಲಿ ಊರು ನೆನಪಿಟ್ಟುಕೊಂಡದ್ದು ಇಡಲಿ. ಯಾರನ್ನು ನಂಬಬೇಕು ಅಂತ ನೋಡಿದವರು ಜಗಳ ಮಾಡಿಕೊಳ್ಳಲಿ. ಇದನ್ನು ಹೆರಿಟೇಜ್ ರೆಸಾರ್ಟ್ ಮಾಡಿ ರೂಮು ಮಾರುವುದಕ್ಕೆ ಮಾತ್ರ ನಮ್ಮ ವಿರೋಧ ಇದೆ. ಊರವರು ಗೇಟಿನ ಆಚೆ ನಿಲ್ಲುವ ಹಾಗಾದರೆ ಲಾಭ ಯಾರಿಗೆ?

ದುಡ್ಡು ಊರಲ್ಲೇ ಉಳಿಯಬೇಕಾದರೆ ಬಂದವರು ಒಂದು ರಾತ್ರಿ ನಿಲ್ಲಬೇಕು. ಬರುವ ದಾರಿಯಲ್ಲೇ ಶಹಾಪುರದ ಮಲಗಿದ ಬುದ್ಧನ ಬೆಟ್ಟ, ವಿಭೂತಿಹಳ್ಳಿಯ ಸಾಲು ಕಲ್ಲುಗಳಿವೆ. ಸುರಪುರದ ಹತ್ತಿರ ಬೋನಾಳ ಕೆರೆಯ ಹಕ್ಕಿಗಳಿವೆ. ಅಂಗಡಿಯಲ್ಲಿ ಚೀನಾ ಕೀ ಚೈನ್ ಬದಲು ಸುರಪುರ ಶೈಲಿಯ ಚಿತ್ರ ಮಾರಬಹುದು. ಯಾದಗಿರಿ ಸ್ಟೇಷನ್ನಿನಿಂದ ಭಾನುವಾರ ಇಷ್ಟನ್ನೂ ಸುತ್ತಿಸುವ ಒಂದೇ ಒಂದು ಬಸ್ ಬಿಟ್ಟರೆ ಶುರುವಿಗೆ ಸಾಕು.

ಕನ್ನಡದಲ್ಲಿ ಆಡಿಯೋ ಗೈಡ್ ಬೇಕಾಗುತ್ತೆ. ಅದನ್ನು ನಮ್ಮ ಕಂಪ್ಯೂಟರ್ ಸೈನ್ಸ್‌ನವರು ಮಿನಿ ಪ್ರಾಜೆಕ್ಟ್ ಆಗಿ ತಗೊಳ್ಳಲಿ. ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಸಿಸ್ಟಮ್ಮನ್ನೇ ಇನ್ನೆಷ್ಟು ಬ್ಯಾಚ್ ಮಾಡೋದು?